ರೈಲು ಬಿಡ್ಬೇಡ ಅಂದ್ರೆ ಏನು?
ಶಿವಮೊಗ್ಗದ ಹಾಸ್ಟೆಲ್‌ಗೆ ಹೊಸಬರು, ರೂಮ್‌ಮೇಟ್‌ಗಳು 'ರೈಲು ಬಿಡ್ಬೇಡ', 'ಕುಯ್ಬೇಡ' ಅಂತಾರೆ, ಅರ್ಥ ಏನು ಅಂತ ಕೇಳಿದ್ದೀರಿ ಅಲ್ವಾ? ಬೈಗುಳ ಅಲ್ಲ, ಗಾಬರಿ ಬೇಡ.

ರೈಲು ಬಿಡೋದು, ಕಾಗೆ ಹಾರಿಸೋದು, ಓಳು ಬಿಡೋದು ಮೂರೂ ಒಂದೇ, ಸುಳ್ಳು ಹೇಳೋದು. ನನಗೆ ರೈಲೇ ಇಷ್ಟ. ಸಾಗರ ದಾಟಿ ತಾಳಗುಪ್ಪದವರೆಗೆ ನಿಜವಾದ ರೈಲಿದೆ. ತೀರ್ಥಹಳ್ಳಿಗೆ ಹಳಿಯೇ ಇಲ್ಲ, ಆದರೂ ಅಲ್ಲಿನ ನಮ್ಮ ಹುಡುಗರು ದಿನಾ ಬಿಡುತ್ತಾರೆ! 'ಆಗುಂಬೆ ಘಾಟಿಯಲ್ಲಿ ಕಾಳಿಂಗ ಅಡ್ಡ ಬಂತು, ಹಾರನ್ ಹೊಡೆದೆ, ಸರಿದು ದಾರಿ ಬಿಡ್ತು' ಅಂದರೆ ಅದು ಪಕ್ಕಾ ರೈಲು.

ಕುಯ್ಯೋದು ಅಂದ್ರೆ ಸುಮ್ನೆ ಮಾತಾಡಿ ತಲೆ ಕೊರೆಯೋದು. 'ಡವ್' ಅಂದ್ರೆ ನಾಟಕ. ಇವೆಲ್ಲ ಬೆಂಗಳೂರಲ್ಲೂ ನಡೆಯುತ್ತವೆ. ಯಾರಾದರೂ ಜಾಸ್ತಿ ಕುಯ್ದರೆ 'ಸಾಕು ಮಾರಾಯ' ಅನ್ನಿ, ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲ್ಲ.