ಓದುಗರ ಪ್ರಶ್ನೆಗೆ ಉತ್ತರ: ಪ್ಯೂರಿಟನ್ನರು, ವಿಚಾರವಾದಿಗಳು ಮತ್ತು ಆರಂಭಕಾಲದ ಅಮೆರಿಕ

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಬಾಸ್ಟನ್ನಿನಲ್ಲಿ ಓದುತ್ತಿರುವುದರಿಂದ ಆ ಪ್ರದೇಶದ ಇತಿಹಾಸವನ್ನು ಕುತೂಹಲದಿಂದ ಓದುತ್ತಿದ್ದೇನೆ. ಮೊದಲು ಹೆಂಗಸರನ್ನು ಮಾಟಗಾತಿಯರೆಂದು ಗಲ್ಲಿಗೇರಿಸಿದ ಮತಾಂಧ ಪ್ಯೂರಿಟನ್ನರಿದ್ದರು, ಅನಂತರ ಫ್ರಾಂಕ್ಲಿನ್, ಜೆಫರ್ಸನ್ ಮೊದಲಾದ ವಿಚಾರವಂತರು ಬಂದು ಆ ಕತ್ತಲೆಯನ್ನು ಓಡಿಸಿದರು ಎಂದು ನಾನು ತಿಳಿದುಕೊಂಡಿದ್ದೇನೆ. ಇದು ಸರಿಯೇ?
(ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ಸರಿಯಲ್ಲವೆಂದೇ ಹೇಳಬೇಕಾಗುತ್ತದೆ. ಪ್ಯೂರಿಟನ್ನರೆಂದರೆ ಇಂಗ್ಲೆಂಡಿನಿಂದ ಬಂದು ನೆಲೆಸಿದ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರು. ಬಾಸ್ಟನ್ನಿನ ಹತ್ತಿರದ ಸೇಲಂ ಊರಿನ ಗಲ್ಲುಗಳೂ ನಿಜ, ಮುಂದೆ ಅಮೆರಿಕದ ಅಧ್ಯಕ್ಷರಾದ ಜೆಫರ್ಸನ್ನರ ವಿಚಾರವಂತಿಕೆಯೂ ನಿಜ. ಆದರೆ ಒಂದು ಪಂಗಡ ಹೋಗಿ ಇನ್ನೊಂದು ಬಂದಿತು ಎಂಬ ಚಿತ್ರ ನಿಲ್ಲುವುದಿಲ್ಲ. ಈ ಎರಡು ಬಗೆಯ ನಂಬಿಕೆಗಳು ಒಂದೇ ಊರಿನಲ್ಲಿ, ಎಷ್ಟೋ ಸಲ ಒಬ್ಬನೇ ಮನುಷ್ಯನ ಮನಸ್ಸಿನಲ್ಲಿ ಜೊತೆಯಾಗಿ ಬಾಳಿವೆ. ಆ ನಾಡಿನ ಮತಜಗಳಗಳಲ್ಲಿ ಪಾಲಿಲ್ಲದ ನಮ್ಮಂಥವರಿಗೆ ಇದನ್ನು ಕಾಣುವುದು ಸುಲಭವಾಗಬೇಕು.

ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾದರ್ (1663–1728) ಅವರನ್ನೇ ನೋಡಿ. 1692ರಲ್ಲಿ ಸೇಲಂನಲ್ಲಿ ಮಾಟದ ಆರೋಪ ಹೊತ್ತ 19 ಮಂದಿ ಹೆಂಗಸರು ಮತ್ತು ಗಂಡಸರನ್ನು ಗಲ್ಲಿಗೇರಿಸಿದಾಗ, ವಿಚಾರಣೆಗೆ ಒಪ್ಪದ ವೃದ್ಧನೊಬ್ಬನನ್ನು ಮೈಮೇಲೆ ಕಲ್ಲು ಹೇರಿ ಕೊಂದಾಗ, ಆ ನ್ಯಾಯಾಲಯವನ್ನು ಸಮರ್ಥಿಸಿ ಪುಸ್ತಕ ಬರೆದವರು ಇವರು. ಸೈತಾನನೂ ಮಾಟಗಾತಿಯರೂ ಇದ್ದಾರೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. 1721ರಲ್ಲಿ ಬಾಸ್ಟನ್ನಿಗೆ ಹಡಗಿನ ಮೂಲಕ ಸಿಡುಬು ಬಂದಿತು. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತನ ಚರ್ಮದಲ್ಲಿ ಗೀರು ಮಾಡಿ ಸೇರಿಸಿದರೆ ರೋಗ ಸೌಮ್ಯವಾಗಿ ಬಂದು ಹೋಗುತ್ತದೆ, ಮುಂದೆ ಮತ್ತೆ ಬರುವುದಿಲ್ಲ ಎಂಬುದನ್ನು ಮ್ಯಾದರ್ ತಮ್ಮ ಮನೆಯಲ್ಲಿದ್ದ ಒನೆಸಿಮಸ್ ಎಂಬ ಆಫ್ರಿಕಾದ ಗುಲಾಮನಿಂದ ತಿಳಿದುಕೊಂಡಿದ್ದರು; ಅದೇ ಪದ್ಧತಿ ತುರ್ಕಿಯಲ್ಲಿಯೂ ಇದೆಯೆಂದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಓದಿ ಖಚಿತಪಡಿಸಿಕೊಂಡಿದ್ದರು. ಅವರ ಒತ್ತಾಯದ ಮೇರೆಗೆ ಜಬ್ದಿಯಲ್ ಬಾಯ್ಲ್‌ಸ್ಟನ್ ಎಂಬ ವೈದ್ಯರು ಮೊದಲು ತಮ್ಮ ಮಗನಿಗೂ ಅನಂತರ ಇತರರಿಗೂ ಈ ಚಿಕಿತ್ಸೆಯನ್ನು ಮಾಡಿದರು. ಊರಿನಲ್ಲಿ ಸುಮಾರು 5,900 ಜನರಿಗೆ ಸಿಡುಬು ತಗುಲಿ 840ಕ್ಕೂ ಹೆಚ್ಚು ಮಂದಿ ಸತ್ತರು. ಬಾಯ್ಲ್‌ಸ್ಟನ್ ಸಿಡುಬು ಹಾಕಿದ ಸುಮಾರು 240 ಮಂದಿಯಲ್ಲಿ ಸತ್ತವರು ಆರು ಜನ. ಎರಡು ಗುಂಪುಗಳ ಸಾವನ್ನು ಹೀಗೆ ಎಣಿಸಿ ಹೋಲಿಸುವುದನ್ನು ಇಂದು ನಾವು ವಿಜ್ಞಾನವೆನ್ನುತ್ತೇವೆ, ಮತ್ತು ಇದರ ಹಿಂದೆ ನಿಂತವರು ಮಾಟವನ್ನು ನಂಬಿದ್ದ ಪಾದ್ರಿ.

ವಿರೋಧಿಸಿದವರು ಯಾರು? ಊರಿನಲ್ಲಿ ವೈದ್ಯಕೀಯ ಪದವಿ ಪಡೆದಿದ್ದ ಒಬ್ಬರೇ ವೈದ್ಯರು, ಮತ್ತು ಪಾದ್ರಿಗಳ ಅಧಿಕಾರವನ್ನು ಪ್ರಶ್ನಿಸಲೆಂದೇ ಹುಟ್ಟಿದಂತಿದ್ದ ಜೇಮ್ಸ್ ಫ್ರಾಂಕ್ಲಿನ್ನರ ಪತ್ರಿಕೆ. ಯಾರೋ ಮ್ಯಾದರ್ ಅವರ ಮನೆಗೆ ಬಾಂಬನ್ನೂ ಎಸೆದರು. ಆ ಪತ್ರಿಕೆಯ ಮುದ್ರಣಾಲಯದಲ್ಲಿ ಅಣ್ಣನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹದಿನೈದರ ಹುಡುಗನೇ ಬೆಂಜಮಿನ್ ಫ್ರಾಂಕ್ಲಿನ್. 1736ರಲ್ಲಿ ಅವರ ಪುಟ್ಟ ಮಗ ಸಿಡುಬಿನಿಂದ ತೀರಿಕೊಂಡ. ಅವನಿಗೆ ಸಿಡುಬು ಹಾಕಿಸದೆ ಉಳಿದದ್ದಕ್ಕಾಗಿ ತಾವು ಬಹಳ ಕಾಲ ನೊಂದುದಾಗಿ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದರಿಂದ ಫ್ರಾಂಕ್ಲಿನ್ನರ ದೊಡ್ಡತನ ಕುಗ್ಗುವುದಿಲ್ಲ, ಸೇಲಂನ ಅನ್ಯಾಯವೂ ಅಳಿಯುವುದಿಲ್ಲ. ಆದರೆ ಒನೆಸಿಮಸ್‌ನ ಹೆಸರನ್ನು ಈ ಕಥೆಯಲ್ಲಿ ಎಂದಿಗೂ ಬಿಡಬಾರದು. ಎರಡೂ ಪಂಗಡಗಳ ವಿದ್ವಾಂಸರಿಗಿಂತ ಮೊದಲು ತನ್ನ ಅನುಭವದಿಂದ ಈ ವಿಷಯವನ್ನು ಅರಿತಿದ್ದವನು ಅವನು.

ಸೇಲಂನ ನ್ಯಾಯಾಧೀಶರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಸೀವಲ್ 1697ರಲ್ಲಿ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, ತಮ್ಮ ತಪ್ಪೊಪ್ಪಿಗೆಯನ್ನು ಪಾದ್ರಿಯಿಂದ ಓದಿಸಿದರು; 1700ರಲ್ಲಿ ಗುಲಾಮಗಿರಿಯನ್ನು ವಿರೋಧಿಸಿ ಕಿರುಹೊತ್ತಗೆಯೊಂದನ್ನು ಬರೆದರು. ಈ ಪಶ್ಚಾತ್ತಾಪ ಅವರಿಗೆ ಹೊರಗಿನಿಂದ ಬಂದದ್ದಲ್ಲ. ಅದು ಪ್ಯೂರಿಟನ್ ನಂಬಿಕೆಯ ಒಳಗಿನಿಂದಲೇ ಹುಟ್ಟಿತು.

ಪ್ರಶ್ನೆ: ಯಾರಿಗೆ ಮುಕ್ತಿ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆಂದು ಪ್ಯೂರಿಟನ್ನರು ನಂಬಿದ್ದರಂತೆ. ಇದು ಶ್ರೀಮಧ್ವಾಚಾರ್ಯರ ಜೀವತ್ರೈವಿಧ್ಯಕ್ಕೆ ಬಹಳ ಹತ್ತಿರವಾಗಿದೆ ಎಂದು ನನಗನಿಸುತ್ತದೆ. ಎರಡನ್ನೂ ಒಂದೇ ಎನ್ನಬಹುದೇ?
(ಪುಣೆಯ ಓದುಗರೊಬ್ಬರು)

ಉತ್ತರ: ಹೋಲಿಕೆ ಮೇಲುನೋಟಕ್ಕೆ ಬಲವಾಗಿಯೇ ಇದೆ. ಮಧ್ವಮತದಲ್ಲಿ ಜೀವರು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ. ಎಲ್ಲರಿಗೂ ಕೊನೆಗೆ ಮುಕ್ತಿ ಎಂಬ ಮಾತಿಲ್ಲ. 16ನೆಯ ಶತಮಾನದ ಜಾನ್ ಕ್ಯಾಲ್ವಿನ್ನರ ಬೋಧನೆಯನ್ನು ಅನುಸರಿಸಿದ ಪ್ಯೂರಿಟನ್ನರಲ್ಲಿಯೂ ಮುಕ್ತಿ ಕೆಲವರಿಗೆ ಮಾತ್ರ. ಆದರೆ ಬುಡದಲ್ಲಿ ದೊಡ್ಡ ಭೇದವಿದೆ. ಮಧ್ವಮತದಲ್ಲಿ ಜೀವರ ತಾರತಮ್ಯ ಅನಾದಿಯಾದ ಸ್ವರೂಪಕ್ಕೆ ಸೇರಿದ್ದು. ಭಗವಂತ ಅವರವರ ಯೋಗ್ಯತೆಗೆ ತಕ್ಕ ಗತಿಯನ್ನು ಕೊಡುತ್ತಾನೆ. ಕ್ಯಾಲ್ವಿನ್ನರಲ್ಲಿ ಜೀವಗಳಿಗೆ ಅಂಥ ಸಹಜ ಭೇದವಿಲ್ಲ; ಮೊದಲ ಮನುಷ್ಯನಾದ ಆದಮನ ಪತನದಿಂದ ಎಲ್ಲರೂ ಸಮಾನವಾಗಿ ಪಾಪಿಗಳು, ಎಲ್ಲರೂ ಶಿಕ್ಷೆಗೆ ಅರ್ಹರು, ಅವರಲ್ಲಿ ಕೆಲವರನ್ನು ದೇವರು ಯಾವ ಅರ್ಹತೆಯನ್ನೂ ನೋಡದೆ ಕೃಪೆಯಿಂದ ಆರಿಸುತ್ತಾನೆ. ರಾಜನೂ ಕೂಲಿಯವನೂ ಒಂದೇ ಪಾಪದಲ್ಲಿ ಬಿದ್ದವರು ಎಂಬ ಈ ನಂಬಿಕೆ, ಕಠೋರವಾಗಿದ್ದರೂ, ಹುಟ್ಟಿನಿಂದ ಬಂದ ಹಿರಿಮೆಗೆ ಧರ್ಮದ ಆಧಾರ ಉಳಿಯದಂತೆ ಮಾಡಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಆ ಸಿದ್ಧಾಂತ ಊರಿನ ಆಡಳಿತದೊಳಕ್ಕೆ ಇಳಿದ ರೀತಿ. ಜಾನ್ ವಿಂತ್ರಾಪ್ ಅವರ ನೇತೃತ್ವದಲ್ಲಿ 1630ರಲ್ಲಿ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ಗೆ ಬಂದವರು ಮರುವರ್ಷವೇ, ಚರ್ಚಿನ ಸದಸ್ಯರಾದ ಪುರುಷರಿಗೆ ಮಾತ್ರ ಮತದ ಹಕ್ಕು ಎಂದು ಗೊತ್ತುಮಾಡಿದರು. ಕೆಲವು ವರ್ಷಗಳಲ್ಲಿ ಸದಸ್ಯತ್ವಕ್ಕೆ ಇನ್ನೊಂದು ಷರತ್ತು ಸೇರಿತು. ದೇವರ ಕೃಪೆ ತನ್ನೊಳಗೆ ಕೆಲಸ ಮಾಡಿದ ಬಗೆಯನ್ನು ಅಭ್ಯರ್ಥಿ ಸಭೆಯ ಮುಂದೆ ನಿವೇದಿಸಬೇಕು, ಸಭೆ ಅದನ್ನು ಒಪ್ಪಬೇಕು. ಹೀಗೆ ದೇವರೊಬ್ಬನಿಗೇ ಗೊತ್ತಿರಬೇಕಾದ ಸಂಗತಿಯನ್ನು ನೆರೆಹೊರೆಯವರು ತೀರ್ಮಾನಿಸುವಂತಾಯಿತು. ನಮ್ಮಲ್ಲಿ ಜೀವತ್ರೈವಿಧ್ಯ ವಾದಗ್ರಂಥಗಳ ವಿಷಯವಾಗಿ ಉಳಿಯಿತೇ ಹೊರತು, ಇಂಥವನು ಇಂಥ ಜೀವ ಎಂದು ಗುರುತಿಸಿ ಪೌರಹಕ್ಕನ್ನು ಹಂಚುವ ಪರೀಕ್ಷೆಯಾಗಲಿಲ್ಲ. ನಮ್ಮ ಸಮಾಜದಲ್ಲಿ ಹಕ್ಕುಗಳನ್ನು ಹಂಚಿದ್ದು ಜಾತಿ, ಮತ್ತು ಅದು ಬೇರೆಯೇ ಕ್ರೌರ್ಯ. ಮ್ಯಾಸಚೂಸೆಟ್ಸ್‌ನಲ್ಲಿ ಎರಡನೆಯ ತಲೆಮಾರಿನ ಮಕ್ಕಳಲ್ಲಿ ಅನೇಕರಿಗೆ ಸಭೆಯ ಮುಂದೆ ಹೇಳಿಕೊಳ್ಳಲು ಕೃಪೆಯ ಯಾವ ಅನುಭವವೂ ಆಗದಿದ್ದಾಗ, ಅವರ ಮಕ್ಕಳಿಗಾದರೂ ದೀಕ್ಷಾಸ್ನಾನ ಸಿಗಲೆಂದು 1662ರಲ್ಲಿ ಪಾದ್ರಿಗಳ ಸಭೆ ನಿಯಮವನ್ನು ಸಡಿಲಿಸಿತು.

ಬೈಬಲನ್ನು ಪ್ರತಿಯೊಬ್ಬನೂ ತಾನೇ ಓದಬೇಕೆಂಬ ಹಟದಿಂದ, ಐವತ್ತು ಮನೆಗಳಿರುವ ಊರು ಓದುಬರಹ ಕಲಿಸುವ ಉಪಾಧ್ಯಾಯನನ್ನು ಇಡಬೇಕೆಂದು 1647ರಲ್ಲಿ ಕಾನೂನಾಯಿತು. ಮುಂದೆ ವಿಚಾರವಾದಿಗಳ ಬರಹಗಳಿಗೆ ಓದುಗರು ಸಿಕ್ಕಿದ್ದು ಇಂಥ ಊರುಗಳಲ್ಲಿಯೇ. ವಿಚಾರವಾದಿ ಲೇಖಕ ಥಾಮಸ್ ಪೇನ್ 1776ರಲ್ಲಿ ಅರಸೊತ್ತಿಗೆಯನ್ನು ಖಂಡಿಸಿ ಬರೆದಾಗ, ತಮಗೊಬ್ಬ ರಾಜ ಬೇಕೆಂದು ಇಸ್ರಾಯೇಲರು ಕೇಳಿದ್ದು ಪಾಪವೆಂಬ ಬೈಬಲಿನ ಸಮುವೇಲನ ಪ್ರಸಂಗವನ್ನು ಆಧಾರವಾಗಿ ಹಿಡಿದರು. ಹದಿನೆಂಟು ವರ್ಷಗಳ ಮೇಲೆ ಬೈಬಲನ್ನೇ ಖಂಡಿಸಿ ಪುಸ್ತಕ ಬರೆದವರೂ ಅವರೇ. ಅಮೆರಿಕದ ಸಂವಿಧಾನದಲ್ಲಿ ಸರ್ಕಾರದ ಒಂದು ಅಂಗಕ್ಕೆ ಇನ್ನೊಂದು ಅಂಗ ತಡೆಯಾಗಿರಬೇಕೆಂದು ವಾದಿಸಿದ ಜೇಮ್ಸ್ ಮ್ಯಾಡಿಸನ್, ಮನುಷ್ಯರು ದೇವದೂತರಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಎಂಬರ್ಥದ ಮಾತನ್ನು ಬರೆದರು. ಅವರು ಪ್ರಿನ್ಸ್‌ಟನ್ನಿನಲ್ಲಿ ಓದಿದ್ದು ಕ್ಯಾಲ್ವಿನ್ ಪರಂಪರೆಯ ಪಾದ್ರಿ ಜಾನ್ ವಿದರ್‌ಸ್ಪೂನ್ ಅವರ ಕೈಕೆಳಗೆ. ಮನುಷ್ಯನ ಬುದ್ಧಿಯ ಮೇಲೆ ಭರವಸೆ ವಿಚಾರವಾದದ ಕೊಡುಗೆಯಾದರೆ, ಅಧಿಕಾರ ಹಿಡಿದ ಮನುಷ್ಯನನ್ನು ನಂಬಬಾರದೆಂಬ ಎಚ್ಚರ ಆ ಹಳೆಯ ಪಾಪಪ್ರಜ್ಞೆಯ ಬಳುವಳಿ ಎಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಗೋವೆಯವರಾದ ನಮಗೆ 1560ರಿಂದ 1812ರವರೆಗೆ ಇಲ್ಲಿ ನಡೆದ ಇನ್‌ಕ್ವಿಸಿಷನ್ನಿನ, ಅಂದರೆ ಚರ್ಚಿನ ಮತವಿಚಾರಣೆಯ, ಕಥೆ ಗೊತ್ತು. ಇಂಗ್ಲೆಂಡಿನಲ್ಲಿ ಕಿರುಕುಳಕ್ಕೆ ಗುರಿಯಾಗಿ ಓಡಿಬಂದ ಪ್ಯೂರಿಟನ್ನರೂ ಅಮೆರಿಕದಲ್ಲಿ ಇತರರಿಗೆ ಅದನ್ನೇ ಮಾಡಿದರೆ?
(ಮಡಗಾಂವಿನ ಓದುಗರೊಬ್ಬರು)

ಉತ್ತರ: ಶಿಕ್ಷೆಗೆ ಗುರಿಯಾದವರ ನೋವಿನಲ್ಲಿ ವ್ಯತ್ಯಾಸವಿಲ್ಲ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಮೇರಿ ಡಯರ್ ಎಂಬ ತಾಯಿಯನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಗಡೀಪಾರಾದ ಮೇಲೂ ಮರಳಿ ಬಂದದ್ದೇ ಆಕೆಯ ಅಪರಾಧ. ವ್ಯವಸ್ಥೆ ಮಾತ್ರ ಬೇರೆ. ಗೋವೆಯದು ಪೋರ್ಚುಗೀಸ್ ರಾಜ್ಯಾಧಿಕಾರದ ಬೆಂಬಲವಿದ್ದ ಶಾಶ್ವತ ಧಾರ್ಮಿಕ ನ್ಯಾಯಪೀಠ. ಮ್ಯಾಸಚೂಸೆಟ್ಸ್‌ನಲ್ಲಿ ಬಿಷಪ್ಪರೇ ಇರಲಿಲ್ಲ, ಶಿಕ್ಷೆ ಕೊಟ್ಟವರು ಊರಿನ ಅಧಿಕಾರಿಗಳು. ಪ್ಯೂರಿಟನ್ನರು ಎಲ್ಲರಿಗೂ ಧರ್ಮಸ್ವಾತಂತ್ರ್ಯ ಕೊಡುತ್ತೇವೆಂದು ಯಾವತ್ತೂ ಹೇಳಿರಲಿಲ್ಲ. ತಾವು ಸತ್ಯವೆಂದು ನಂಬಿದ ಉಪಾಸನೆಗೆ ಒಂದು ನೆಲ ಬೇಕೆಂದು ಬಂದವರು ಅವರು. ಅವರನ್ನು ಕಪಟಿಗಳೆನ್ನುವುದಕ್ಕಿಂತ ನಿರ್ದಯರೆನ್ನುವುದು ಹೆಚ್ಚು ಸರಿ.

ಆ ನಿರ್ದಯತೆಗೆ ಮೊದಲು ಎದುರು ನಿಂತವರೂ ಅವರೊಳಗಿನ ಪಾದ್ರಿಯೇ. ಅಧಿಕಾರಿಗಳು ಹೊರಹಾಕಿದ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಎಂಬ ಊರನ್ನು ಕಟ್ಟಿ, ಅಲ್ಲಿ ಯಾರ ಅಂತಃಸಾಕ್ಷಿಯನ್ನೂ ಸರ್ಕಾರ ಮುಟ್ಟದಂತೆ ನೋಡಿಕೊಂಡರು. ಮೂಲನಿವಾಸಿಗಳ ಭೂಮಿಯನ್ನು ದಾನ ಕೊಡಲು ಇಂಗ್ಲೆಂಡಿನ ರಾಜ ಯಾರು ಎಂದೂ ಕೇಳಿದರು. ಜಗತ್ತಿನ ಕಾಡಿನಿಂದ ಚರ್ಚೆಂಬ ತೋಟವನ್ನು ಕಾಯುವ ಗೋಡೆಯ ಮಾತನ್ನು 1644ರಲ್ಲಿಯೇ ಆಡಿದವರು ಅವರು. ಜೆಫರ್ಸನ್ ಚರ್ಚು ಮತ್ತು ಸರ್ಕಾರಗಳ ನಡುವಣ ಗೋಡೆಯ ಬಗ್ಗೆ ಬರೆದದ್ದು 1802ರಲ್ಲಿ, ಕನೆಕ್ಟಿಕಟ್‌ನ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದವರಿಗೆ ಬರೆದ ಪತ್ರದಲ್ಲಿ. ಒಬ್ಬರಿಗೆ ಭಕ್ತಿ ಕೆಡಬಾರದೆಂಬ ಕಾಳಜಿ, ಇನ್ನೊಬ್ಬರಿಗೆ ಬುದ್ಧಿಗೆ ಕಟ್ಟುಬೀಳಬಾರದೆಂಬ ಕಾಳಜಿ. 1786ರಲ್ಲಿ ವರ್ಜೀನಿಯಾದಲ್ಲಿ ಜೆಫರ್ಸನ್ನರ ಧರ್ಮಸ್ವಾತಂತ್ರ್ಯದ ಕಾನೂನು ಅಂಗೀಕಾರವಾದಾಗ ಅದರ ಬೆನ್ನಿಗೆ ನಿಂತವರಲ್ಲಿ ಅಲ್ಲಿನ ಬ್ಯಾಪ್ಟಿಸ್ಟ್ ಭಕ್ತರೂ ಇದ್ದರು. ಮ್ಯಾಸಚೂಸೆಟ್ಸ್ ಮಾತ್ರ ತನ್ನ ಚರ್ಚಿಗೆ ತೆರಿಗೆಯ ಬೆಂಬಲವನ್ನು 1833ರವರೆಗೂ ಬಿಡಲಿಲ್ಲ.

ಪ್ರಶ್ನೆ: ಇವೆಲ್ಲ ದೂರದ ಸಂಗತಿಗಳು. ನಮ್ಮ ಮುಂಬಯಿ–ಪುಣೆಗಳಿಗೆ ಇವುಗಳ ಸೋಂಕು ಏನಾದರೂ ಇದೆಯೇ?
(ಮಾಟುಂಗದ ಓದುಗರೊಬ್ಬರು)

ಉತ್ತರ: ಬಹಳ ಇದೆ, ಎರಡು ದಾರಿಗಳಿಂದಲೂ. ಪ್ಯೂರಿಟನ್ನರು ಕಟ್ಟಿದ ಹಾರ್ವರ್ಡ್ ಉದಾರವಾದಿಗಳ ಕೈಸೇರಿತೆಂದು ಬೇಸರಗೊಂಡ ಸಂಪ್ರದಾಯನಿಷ್ಠರು 1807ರಲ್ಲಿ ಆಂಡೋವರಿನಲ್ಲಿ ಬೇರೆ ವಿದ್ಯಾಲಯವನ್ನು ಸ್ಥಾಪಿಸಿದರು. ಅಲ್ಲಿ ಕಲಿತ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್ 1813ರ ಫೆಬ್ರವರಿಯಲ್ಲಿ ಮುಂಬಯಿಗೆ ಬಂದಿಳಿದರು. ಈಸ್ಟ್ ಇಂಡಿಯಾ ಕಂಪನಿ ಅವರನ್ನು ಹೊರಗಟ್ಟಲು ಯತ್ನಿಸಿತು. ಆದರೂ ಅವರು ಬೇರೂರಿದರು. ಅಮೆರಿಕನ್ ಮರಾಠಿ ಮಿಷನ್ ಮುಂಬಯಿಯಲ್ಲಿ ಮುದ್ರಣಾಲಯವನ್ನು ಇಟ್ಟಿತು, 1824ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆಯಿತು, 1842ರಲ್ಲಿ ಅಹಮದ್‌ನಗರದಿಂದ ‘ಜ್ಞಾನೋದಯ’ ಎಂಬ ಮರಾಠಿ ಪತ್ರಿಕೆಯನ್ನು ಹೊರಡಿಸಿತು. ಮತಾಂತರವೇ ಅವರ ಉದ್ದೇಶವಾಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಎಲ್ಲರಿಗೂ ಅಕ್ಷರ ಬೇಕೆಂಬ 1647ರ ಹಟವೇ ಈ ಶಾಲೆಗಳಲ್ಲಿಯೂ ಇತ್ತು. ಸಾವಿತ್ರಿಬಾಯಿ ಫುಲೆ ಉಪಾಧ್ಯಾಯಿನಿಯಾಗಲು ತರಬೇತಿ ಪಡೆದದ್ದು ಇದೇ ಮಿಷನ್ನಿನ ಸಿಂಥಿಯಾ ಫರಾರ್ ಅಹಮದ್‌ನಗರದಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ.

ಅದೇ ಹೊತ್ತಿಗೆ ಅವರ ಪತಿ ಜೋತಿರಾವ್ ಫುಲೆ, ಪುಣೆಯಲ್ಲಿ, ಥಾಮಸ್ ಪೇನ್ ಮಾನವನ ಹಕ್ಕುಗಳ ಬಗ್ಗೆ ಬರೆದ ಪುಸ್ತಕವನ್ನು ಓದಿ ಅದನ್ನು ತಮ್ಮದಾಗಿಸಿಕೊಂಡಿದ್ದರು. ಒಂದೇ ಮನೆಗೆ ಎರಡು ಧಾರೆಗಳೂ ಹೀಗೆ ಬಂದು ಸೇರಿದವು, ಮತ್ತು ಆ ದಂಪತಿಗಳು ಎರಡರಿಂದಲೂ ತಮಗೆ ಬೇಕಾದದ್ದನ್ನು ಮಾತ್ರ ತೆಗೆದುಕೊಂಡರು. ಜೋತಿರಾವ್ ಮತಾಂತರಗೊಳ್ಳಲಿಲ್ಲ, ಆದರೆ ಪೇನ್ ಅವರಂತೆಯೇ ಸೃಷ್ಟಿಕರ್ತನಾದ ಒಬ್ಬ ದೇವರಲ್ಲಿ ನಂಬಿಕೆಯನ್ನು ಉಳಿಸಿಕೊಂಡರು. 1873ರಲ್ಲಿ ‘ಗುಲಾಮಗಿರಿ’ ಪ್ರಕಟವಾದಾಗ ಅದನ್ನು, ನೀಗ್ರೋ ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಜೆಫರ್ಸನ್ನರಿಗೂ, 1641ರ ತಮ್ಮ ಶಾಸನದಲ್ಲಿ ಗುಲಾಮಗಿರಿಗೆ ಎಡೆ ಬಿಟ್ಟ ಪ್ಯೂರಿಟನ್ನರಿಗೂ ಆ ಅರ್ಪಣೆಯಲ್ಲಿ ಪಾಲು ಸಲ್ಲುವುದಿಲ್ಲ.