ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಊರಿನ ಚರಿತ್ರೆಯನ್ನು ಊರಿನವರ ಬಾಯಲ್ಲಿ ಕೇಳುವ ಬಗೆ

ಪ್ರಶ್ನೆ: ಮಾನ್ಯರೇ, ನಾವು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಯುವಕ ಸಂಘದವರು. ಕಳೆದ ವರ್ಷ ದೇವಸ್ಥಾನದ ಮುಂದೆ ಶಾಮಿಯಾನ ಹಾಕಿಸಿ, ಹೊರಗಿನಿಂದ ಒಬ್ಬ ವಿದ್ವಾಂಸರನ್ನು ಕರೆಸಿ, ನಮ್ಮ ನಾಡಿನ ಇತಿಹಾಸದ ಬಗ್ಗೆ ಉಪನ್ಯಾಸ ಏರ್ಪಡಿಸಿದ್ದೆವು. ಅವರು ಗಂಗರು, ನೊಳಂಬರು, ಚೋಳರು, ವಿಜಯನಗರದ ಅರಸರ ವಿಚಾರವಾಗಿ ಒಂದೂವರೆ ಗಂಟೆ ಚೆನ್ನಾಗಿಯೇ ಮಾತನಾಡಿದರು. ಆದರೆ ಹಿರಿಯರು ಅರ್ಧಕ್ಕೇ ಎದ್ದು ಹೋದರು, ಮಕ್ಕಳು ತಿಂಡಿಗಾಗಿ ಕಾದು ಕುಳಿತರು. ಜನ ತಮ್ಮದೆಂದು ಭಾವಿಸುವಂಥ ಕಾರ್ಯಕ್ರಮವನ್ನು ರೂಪಿಸುವುದು ಹೇಗೆ?

ಉತ್ತರ: ನಿಮ್ಮ ಅತಿಥಿಗಳದೇನೂ ತಪ್ಪಿಲ್ಲ. ಆ ಸಂಜೆ ಊರಿನವರಿಗೆ ಸುಮ್ಮನೆ ಕುಳಿತು ಕೇಳಿಸಿಕೊಳ್ಳುವುದರ ಹೊರತು ಬೇರೆ ಕೆಲಸವನ್ನೇ ನೀವು ಕೊಟ್ಟಿರಲಿಲ್ಲ. ಈ ಸಲ ವಿದ್ವಾಂಸರಿಗೆ ಗೊತ್ತಿಲ್ಲದ, ಊರಿನವರಿಗೆ ಮಾತ್ರ ಗೊತ್ತಿರುವ ಒಂದು ವಿಷಯದಿಂದ ಆರಂಭಿಸಿ. ನನ್ನನ್ನು ಕೇಳಿದರೆ ಕೆರೆಯನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ನದಿಯ ಆಸರೆಯಿಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ಊರು ಕಟ್ಟುವುದೆಂದರೆ ಮೊದಲು ಕೆರೆ ಕಟ್ಟುವುದೇ ಆಗಿತ್ತು. ಕೆರೆ ಕಟ್ಟಿದವರಿಗೆ, ಒಡೆದ ಏರಿಯನ್ನು ದುರಸ್ತಿ ಮಾಡಿದವರಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಟ್ಟುಕೊಟ್ಟ ವಿವರಗಳು ಶಾಸನಗಳಲ್ಲಿ ದೊರೆಯುತ್ತವೆ. ಆದರೆ ತೂಬು ಎತ್ತಿ ನೀರು ಬಿಡುತ್ತಿದ್ದ ನೀರುಗಂಟಿಯ ಬದುಕು ಯಾವ ಕಲ್ಲಿನ ಮೇಲೂ ಇಲ್ಲ. ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಯಾವ ಭಾಗಕ್ಕೆ ಮೊದಲು ನೀರು ಹೋಗಬೇಕು, ಯಾರ ಗದ್ದೆ ಬೀಳು ಬೀಳಬೇಕು ಎಂಬುದನ್ನು ಹೇಗೆ ತೀರ್ಮಾನಿಸುತ್ತಿದ್ದರು, ಸುಗ್ಗಿಯಲ್ಲಿ ನೀರುಗಂಟಿಗೆ ಕಣದಲ್ಲಿ ಎಷ್ಟು ಭತ್ತ ಅಳೆಯುತ್ತಿದ್ದರು, ಕೋಡಿ ಹರಿದ ದಿನ ಹೆಂಗಸರು ಏರಿಯ ಮೇಲೆ ನಿಂತು ಏನು ಹಾಡುತ್ತಿದ್ದರು ಎಂಬುದೆಲ್ಲ ಎಪ್ಪತ್ತು ದಾಟಿದ ಕೆಲವರ ನೆನಪಿನಲ್ಲಿ ಮಾತ್ರ ಉಳಿದಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದುಬಂದಿದೆ. ಆ ನೀರಿನ ಗುಣದ ಬಗ್ಗೆ ವಾದವಿದೆ, ಇರಲಿ. ಕೆರೆ ತುಂಬಿದ್ದನ್ನು ಕಂಡ ಹುಡುಗರಿಗೆ ಅದೇ ಕೆರೆಯ ನೀರನ್ನು ಊರು ಹಂಚಿಕೊಂಡು ಬಾಳಿದ ಕ್ರಮವನ್ನು ಕೇಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಸಿಗಲಾರದು.

ಇನ್ನು ಜಾಗದ ಮಾತು. ದೇವಸ್ಥಾನದ ಮುಂದೆ ಶಾಮಿಯಾನ ಹಾಕಿದಿರಿ ಎಂದು ಬರೆದಿದ್ದೀರಿ. ನಮ್ಮ ಕಡೆ ನೀರುಗಂಟಿಯ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳದಾಗಿತ್ತು, ತಮಟೆಯವರ ಮಾತೂ ಅದೇ. ಗುಡಿಯ ಜಗಲಿಯ ಬಳಿ ಅವರು ಎಲ್ಲಿ ಕುಳಿತುಕೊಳ್ಳುತ್ತಾರೆ, ಕುಳಿತರೂ ಬಾಯಿ ಬಿಡುತ್ತಾರೆಯೇ ಎಂಬುದನ್ನು ಯೋಚಿಸಿ. ಕೆರೆಯ ಏರಿ, ಸರ್ಕಾರಿ ಶಾಲೆಯ ಅಂಗಳ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಯಾರು ಮಾತನಾಡುತ್ತಾರೆ ಎಂಬುದನ್ನು ನಿಮ್ಮ ಕರಪತ್ರಕ್ಕಿಂತ ಮುಂಚೆ ನೀವು ಆರಿಸಿದ ಜಾಗವೇ ನಿರ್ಧರಿಸಿಬಿಟ್ಟಿರುತ್ತದೆ.

ಭಾಷೆಯ ವಿಷಯದಲ್ಲಿಯೂ ಧಾರಾಳವಾಗಿರಿ. ಗಡಿಯ ಈ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಅಜ್ಜಿಯರ ಹಾಡು, ಗಾದೆ, ಬೈಗುಳ ಎಲ್ಲವೂ ತೆಲುಗಿನಲ್ಲಿವೆ. ಮೈಕು ಕೈಗೆ ಬಂದೊಡನೆ ಅವರು ಪುಸ್ತಕದ ಕನ್ನಡಕ್ಕೆ ಹೊರಳಿಕೊಂಡು, ಎರಡು ವಾಕ್ಯ ಹೇಳಿ ಕುಳಿತುಬಿಡುತ್ತಾರೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ, ಕೈವಾರದ ತಾತಯ್ಯನವರು ತೆಲುಗು ಕನ್ನಡಗಳೆರಡರಲ್ಲಿಯೂ ತತ್ವಪದ ಹಾಡಿದರು. ಹೀಗಿರುವಾಗ ಅಜ್ಜಿ ತೆಲುಗಿನಲ್ಲಿ ಹೇಳಿದರೆ ಕನ್ನಡಕ್ಕೇನೂ ಕುಂದಿಲ್ಲ. ಅವರು ಹೇಳಿ ಮುಗಿಸಿದ ಮೇಲೆ ಮೊಮ್ಮಗಳು ಅದನ್ನು ಕನ್ನಡದಲ್ಲಿ ಹೇಳಲಿ, ಸಭೆಗೆ ಅದೂ ಒಂದು ಸೊಗಸೇ.

ವಿದ್ವಾಂಸರನ್ನು ಕೈಬಿಡಬೇಡಿ, ಕೊನೆಗೆ ಕರೆಯಿರಿ. ಬೆಳಿಗ್ಗೆ ಎಲ್ಲರೂ ಏರಿಯ ಮೇಲೆ ನಡೆದು, ತೂಬು ಕೋಡಿಗಳನ್ನು ನೋಡಿ, ಹಿರಿಯರ ಮಾತು ಕೇಳಿ, ಸಂಜೆ ಅವರು ನಿಮ್ಮ ಊರಿನ ಅಥವಾ ನೆರೆಯೂರಿನ ಒಂದೇ ಒಂದು ಶಾಸನವನ್ನು ಸಾಲುಸಾಲಾಗಿ ಓದಿ ಹೇಳಿದರೆ ಸಾಕು. ಶಾಸನ ಹುಡುಕುವುದು ಕಷ್ಟವಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದೇ ಆಗಿದ್ದು, ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದ್ದಾರೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಾದ್ದರಿಂದ ಆ ಕಡೆಯ ತಾಲ್ಲೂಕುಗಳೂ ಅದರಲ್ಲೇ ಇವೆ. ಬಂಗಾರಪೇಟೆಯನ್ನು ಹುಡುಕುವವರು ಮಾತ್ರ ಬೌರಿಂಗ್‌ಪೇಟೆ ಎಂಬ ಹಳೆಯ ಹೆಸರಿನಲ್ಲಿ ನೋಡಬೇಕು.

ದಿನ ಗೊತ್ತು ಮಾಡುವ ಬಗ್ಗೆ ಒಂದು ಮಾತು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು 'ಹುಣ್ಣಿಮೆ ಹಾಡು' ಎಂಬ ಕಾರ್ಯಕ್ರಮವನ್ನು ಹುಣ್ಣಿಮೆಯ ರಾತ್ರಿಗೆ ಇಟ್ಟುಕೊಂಡು, ಹಾಡು ನಾಟಕಗಳಿಗೆ ಸುತ್ತಲಿನ ಜನರನ್ನು ಸೇರಿಸಿದರು. ಹುಣ್ಣಿಮೆಗೆ ಆಹ್ವಾನ ಪತ್ರಿಕೆ ಬೇಡ, ಚಂದ್ರನನ್ನು ಕಂಡರೆ ಜನಕ್ಕೆ ತಿಳಿಯುತ್ತದೆ. ನೀವೂ ವರ್ಷಕ್ಕೊಂದು ದೊಡ್ಡ ಸಭೆಗೆ ಕೂಡಿಟ್ಟ ಹಣವನ್ನು ಜಮಖಾನ, ಚಹಾ, ಒಂದು ಪುಟ್ಟ ಧ್ವನಿವರ್ಧಕಕ್ಕೆ ಹಂಚಿ, ಇಂಥದೇ ಒಂದು ತಿಥಿಗೆ ಸಣ್ಣ ಸಣ್ಣ ಕೂಟಗಳನ್ನು ನಡೆಸಬಹುದು.

ಪ್ರಶ್ನೆ: ಚಿಂತಾಮಣಿ ತಾಲ್ಲೂಕಿನ ನಮ್ಮ ಊರಿನ ಹೊಲದ ಬದುವಿನಲ್ಲಿ ಅಕ್ಷರಗಳಿರುವ ವೀರಗಲ್ಲೊಂದು ಅರ್ಧ ಹೂತು ನಿಂತಿದೆ. ಅದನ್ನು ತೆಗೆದು, ತೊಳೆದು, ಬಣ್ಣ ಹಚ್ಚಿ ಶಾಲೆಯ ಆವರಣದಲ್ಲಿ ನಿಲ್ಲಿಸಿ ಕಾರ್ಯಕ್ರಮ ಮಾಡಬೇಕೆಂದು ಹುಡುಗರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ಬೇಡ. ನೂರು ವರ್ಷ ದಾಟಿದ ಶಿಲ್ಪ ಶಾಸನಗಳು 1972ರ ಕೇಂದ್ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳು. ರಸ್ತೆ ಅಗಲೀಕರಣದಂಥ ಅಪಾಯವಿದ್ದರೆ ರಾಜ್ಯದ ಪುರಾತತ್ವ ಇಲಾಖೆಗೂ ಪಂಚಾಯಿತಿಗೂ ಬರೆದು ತಿಳಿಸಿ, ನೀವೇ ಹಾರೆ ಹಿಡಿಯಬೇಡಿ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು ಹಳೆಯ ಜಾಡಿನ ಬಳಿಯೋ ಊರಿನ ಎಲ್ಲೆಯ ಬಳಿಯೋ ನಿಂತಿದ್ದರೆ, ಆ ಜಾಗವೂ ಶಾಸನದಷ್ಟೇ ಮಾತನಾಡುತ್ತದೆ. ಶಾಲೆಯ ಅಂಗಳಕ್ಕೆ ತಂದಮೇಲೆ ಅದು ಚಂದದ ಕಲ್ಲಾಗಿ ಮಾತ್ರ ಉಳಿಯುತ್ತದೆ.

ಹೊಲದ ಒಡೆಯರ ಒಪ್ಪಿಗೆ ಪಡೆದು ಮಕ್ಕಳನ್ನೇ ಅಲ್ಲಿಗೆ ಕರೆದೊಯ್ಯಿರಿ. ಎಣ್ಣೆ, ಸುಣ್ಣ, ಬಣ್ಣ ಯಾವುದೂ ಬೇಡ. ಧೂಳನ್ನು ಮೆತ್ತನೆಯ ಕುಂಚದಿಂದ ಒರೆಸಿ, ಸೂರ್ಯ ಇಳಿದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಾಣದ ಅಕ್ಷರಗಳು ಆಗ ನೆರಳು ಕಟ್ಟಿಕೊಂಡು ಎದ್ದುಬರುತ್ತವೆ. ಮಕ್ಕಳು ಆ ಹೊತ್ತಿನಲ್ಲಿ ಹಾಕುವ ಕೇಕೆ ನಿಮ್ಮ ಕಾರ್ಯಕ್ರಮದ ಉದ್ಘಾಟನೆಯಾಗಲಿ.

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ ನಾನು. ವಿದುರಾಶ್ವತ್ಥದ ಗೋಲಿಬಾರಿನ ಬಗ್ಗೆ ವಿದ್ಯಾರ್ಥಿಗಳು ಸುತ್ತಲಿನ ಹಿರಿಯರ ಮಾತುಗಳನ್ನು ಮೊಬೈಲಿನಲ್ಲಿ ಸಂಗ್ರಹಿಸಿದ್ದಾರೆ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗುತ್ತಿಲ್ಲ. ಪ್ರದರ್ಶನದಲ್ಲಿ ಯಾವುದನ್ನು ಇಡಲಿ?

ಉತ್ತರ: ಎಲ್ಲವನ್ನೂ ಇಡಿ, ಮೇಡಂ, ಆದರೆ ಹೇಳಿದವರ ಹೆಸರು, ವಯಸ್ಸು, ಊರು, ಹೇಳಿದ ದಿನಾಂಕ, ತಾವು ಕಣ್ಣಾರೆ ಕಂಡದ್ದೋ ತಂದೆಯಿಂದ ಕೇಳಿದ್ದೋ ಎಂಬುದನ್ನು ಪ್ರತಿಯೊಂದರ ಕೆಳಗೆ ಬರೆಸಿ. 1938ರ ಏಪ್ರಿಲ್ 25ರಂದು ನಡೆದ ಘಟನೆಯನ್ನು ಇಂದು ಹೇಳುವವರಲ್ಲಿ ಬಹುಮಂದಿ ಅದನ್ನು ಕೇಳಿ ತಿಳಿದವರು. ಪಕ್ಕದಲ್ಲಿ ದೃಢವಾದ ಸಂಗತಿಗಳಿಗೆ ಬೇರೆಯೇ ಒಂದು ಫಲಕವಿರಲಿ: ಕಾಂಗ್ರೆಸ್ಸಿನ ಧ್ವಜ ಹಾರಿಸುವುದಕ್ಕೆ ಇದ್ದ ನಿಷೇಧ, ಸೇರಿದ್ದ ಜನರ ಮೇಲೆ ಪೊಲೀಸರು ಹಾರಿಸಿದ ಗುಂಡು, ಮೈಸೂರು ಸರ್ಕಾರ ನೇಮಿಸಿದ ವೇಪಾ ರಾಮೇಶಂ ವಿಚಾರಣಾ ಸಮಿತಿ, ಅನಂತರ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ಸಿನ ವಲ್ಲಭಭಾಯಿ ಪಟೇಲರ ನಡುವೆ ಆದ ಒಪ್ಪಂದ. ಸತ್ತವರ ಸಂಖ್ಯೆ ಬೇರೆ ಬೇರೆ ಬರಹಗಳಲ್ಲಿ ಬೇರೆ ಬೇರೆಯಾಗಿರುವುದರಿಂದ ಯಾವ ಸಂಖ್ಯೆ ಎಲ್ಲಿಂದ ಬಂದಿತೆಂಬುದನ್ನು ಕಾಣಿಸಿ. ಸರ್ಕಾರ ಕಡಿಮೆ ಹೇಳುವುದಕ್ಕೂ ಊರು ಹೆಚ್ಚು ಹೇಳುವುದಕ್ಕೂ ಏನು ಕಾರಣವಿರಬಹುದೆಂದು ಒಂಬತ್ತನೆಯ ತರಗತಿಯ ಮಕ್ಕಳು ಚರ್ಚಿಸಬಲ್ಲರು.

ಧ್ವನಿಮುದ್ರಣವನ್ನು ಸಾರ್ವಜನಿಕವಾಗಿ ಕೇಳಿಸುವ ಮೊದಲು ಹೇಳಿದವರ ಒಪ್ಪಿಗೆಯನ್ನು ಮತ್ತೊಮ್ಮೆ ಪಡೆಯಿರಿ. ಪ್ರದರ್ಶನದ ದಿನ ಮುಂದಿನ ಸಾಲಿನ ಕುರ್ಚಿಗಳನ್ನು ಅವರಿಗೇ ಮೀಸಲಿಡಿ, ನಡೆದು ಬರಲಾಗದವರ ಮನೆಗೆ ಮಕ್ಕಳೇ ಹೋಗಿ ಅವರ ಮಾತನ್ನು ಅವರಿಗೆ ಕೇಳಿಸಿ ಬರಲಿ.