ಚಿಪ್ಪುಮೀನು ತಿನ್ನೋದು ತಪ್ಪಾ? ಬೆಳಚಿನ ಲೆಕ್ಕ ಬೇರೆ, ಶೆಟ್ಲಿ ಲೆಕ್ಕ ಬೇರೆ

ಪ್ರಾಣಿಹಿಂಸೆ ಬೇಡ ಅಂತ ಮಾಂಸ ಮೀನು ಎರಡೂ ಬಿಟ್ಟಿದೀರಿ, ಈಗ ಬಿ12 ಕಮ್ಮಿ ಬಂದಿದೆ, ಯಾರೋ "ಚಿಪ್ಪು ಇರೋದನ್ನ ತಿನ್ನಿ, ಅವಕ್ಕೆ ನೋವಾಗಲ್ಲ, ಪರಿಸರಕ್ಕೂ ಒಳ್ಳೇದು" ಅಂದಿದಾರೆ, ಅದು ನಿಜಾನಾ ಅಂತ ಕೇಳಿದೀರಿ. ನಾನು ಕುಮಟಾ ಕಡೆಯವಳು, ಅಘನಾಶಿನಿ ಹೊಳೆ ಅಂಚಲ್ಲೇ ಬೆಳೆದಿದ್ದು, ಕೆಲಸ ಕಾರವಾರದಲ್ಲಿ. ಬೆಳಚಿನ (ಹೊಳೆ ಕೆಸರಲ್ಲಿ ಸಿಗೋ ಚಿಪ್ಪುಮೀನು) ಸುಕ್ಕ ಅಂದ್ರೆ ಜೀವ ಬಿಡ್ತೀನಿ, ಹಾಗಾಗಿ ನನ್ನ ಮಾತನ್ನ ಪೂರ್ತಿ ನಂಬದೇ ಸ್ವಲ್ಪ ಕಮ್ಮಿ ಮಾಡ್ಕೊಂಡೇ ಓದಿ.

ಮೊದಲು ಈ "ಚಿಪ್ಪು ಇರೋದು" ಅನ್ನೋದೇ ಸರಿಯಿಲ್ಲ. ಬೆಳಚು (ಕೆಲವ್ರು ಬಳಚು ಅಂತಾರೆ, ಇಂಗ್ಲಿಷಲ್ಲಿ ಕ್ಲ್ಯಾಮ್), ನೀಲಿಕಲ್ಲು (ಮಸೆಲ್), ಕಲ್ವಾ (ಆಯ್ಸ್ಟರ್) ಇವೆಲ್ಲ ಎರಡು ಚಿಪ್ಪಿನವು, ಒಂದು ಗುಂಪು. ಶೆಟ್ಲಿ (ಸೀಗಡಿ), ಏಡಿ ಬೇರೆಯೇ ಗುಂಪು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಸರೀನಾ ತಪ್ಪಾ ಅಂತ ಕೇಳಿದ್ರೆ ಉತ್ತರ ಎಡವಟ್ಟೇ ಆಗೋದು.

ನೋವಿನ ವಿಷಯ ಹೇಳ್ಬೇಕಂದ್ರೆ ಬೆಳಚಿಗೆ ಮಿದುಳು ಅಂತ ಇಲ್ಲ, ಅಲ್ಲಲ್ಲಿ ನರದ ಗಂಟು ಇವೆ ಅಷ್ಟೇ. ಮುಟ್ಟಿದ್ರೆ ಚಿಪ್ಪು ಮುಚ್ಕೊಳ್ಳತ್ತೆ ನಿಜ, ಆದ್ರೆ ಮುಟ್ಟಿದ್ರೆ ಮುನಿ ಗಿಡಾನೂ ಮುಚ್ಕೊಳ್ಳತ್ತಲ್ಲ. ಪೀಟರ್ ಸಿಂಗರ್ ಅಂತ ಪ್ರಾಣಿಗಳ ಪರ ಬರೆದ ತತ್ವಜ್ಞಾನಿ 1975ರಲ್ಲಿ ಗೆರೆ ಎಳೆದಿದ್ದು ಶೆಟ್ಲಿಗೂ ಕಲ್ವಾಕ್ಕೂ ಮಧ್ಯೆ ಎಲ್ಲೋ ಒಂದು ಕಡೆ, ಆಮೇಲೆ ಅವ್ರಿಗೇ ಅನುಮಾನ ಬಂದು ಕಲ್ವಾನೂ ಬಿಡೋದೇ ಒಳ್ಳೇದು ಅಂದ್ರು, ಮುಂದೆ ಮತ್ತೆ ಅದನ್ನ ಸಡಿಲ ಮಾಡ್ಕೊಂಡ್ರು. ಏಡಿ ಶೆಟ್ಲಿ ವಿಷಯದಲ್ಲಿ ಮಾತ್ರ ಅಷ್ಟು ಸಲೀಸಾಗಿ ಹೇಳೋಕಾಗಲ್ಲ. ಬ್ರಿಟನ್ 2022ರಲ್ಲಿ ಮಾಡಿದ ಕಾನೂನಲ್ಲಿ ಏಡಿ, ಶೆಟ್ಲಿ, ಆಕ್ಟೋಪಸ್ ಜಾತಿಯವನ್ನೂ ನೋವು ತಿಳಿಯೋ ಜೀವಿಗಳ ಪಟ್ಟಿಗೆ ಸೇರಿಸಿದಾರೆ, ಬೆಳಚಿನ ಜಾತಿಯನ್ನ ಸೇರಿಸಿಲ್ಲ. ಜೀವಂತ ಏಡಿಯನ್ನ ಕುದಿಯೋ ನೀರಿಗೆ ಹಾಕಿದಾಗ ಪಾತ್ರೆ ಒಳಗಿಂದ ಬರೋ ಗೀಚೋ ಸದ್ದು ಚಿಕ್ಕವಳಿದ್ದಾಗ ಕೇಳಿದ್ದೆ, ಅವತ್ತಿಂದ ಏಡಿ ತಂದ ದಿನ ನಾನು ಅಡುಗೆಮನೆ ಕಡೆ ಹೋಗಲ್ಲ (ಊಟಕ್ಕೆ ಮಾತ್ರ ಹೋಗ್ತೀನಿ ಅಂತ ತಮ್ಮ ಆಡ್ಕೋತಾನೆ, ಇರ್ಲಿ).

ಇನ್ನು ಪರಿಸರ. ನಮ್ಮಲ್ಲಿ ಬೆಳಚು ತೆಗೆಯೋದು ಹೆಂಗೆ ಅಂದ್ರೆ, ಅಮಾಸೆ ಹುಣ್ಣಿಮೆ ಆಸುಪಾಸು ನೀರು ಚೆನ್ನಾಗಿ ಇಳಿಯತ್ತೆ, ಆಗ ಹೆಂಗಸರು ಬುಟ್ಟಿ ಹಿಡ್ಕೊಂಡು ಹೊಳೆಗೆ ಇಳೀತಾರೆ, ಸೊಂಟಮಟ್ಟ ನೀರಲ್ಲಿ ನಿಂತು ಕಾಲಿನ ಬೆರಳಲ್ಲಿ ಕೆಸರು ತಡಕಿ, ಗಟ್ಟಿಯಾಗಿ ಸಿಕ್ಕಿದ್ದನ್ನ ಬಗ್ಗಿ ತೆಗೀತಾರೆ. ನಮ್ಮಜ್ಜಿ ಹೆಬ್ಬೆರಳು ಮುಟ್ಟಿದ ಕೂಡ್ಲೇ ಇದು ಕಲ್ಲು, ಇದು ಖಾಲಿ ಚಿಪ್ಪು, ಇದು ತುಂಬಿದ್ದು ಅಂತ ಹೇಳೋರು. ಡೀಸೆಲ್ ಇಲ್ಲ, ಬಲೆ ಇಲ್ಲ, ಯಾರೂ ಮೇವು ಹಾಕ್ಬೇಕಿಲ್ಲ, ಗೊಬ್ಬರ ಹಾಕ್ಬೇಕಿಲ್ಲ, ಬೆಳಚು ತಾನೇ ಹೊಳೆ ನೀರು ಸೋಸಿ ಅದ್ರಲ್ಲಿದ್ದಿದ್ದನ್ನ ತಿಂದು ಬೆಳೆಯತ್ತೆ. ಒಂದು ದೊಡ್ಡ ಕಲ್ವಾ ಅನುಕೂಲ ಇದ್ರೆ ದಿನಕ್ಕೆ 190 ಲೀಟರ್ ವರೆಗೆ ನೀರು ಸೋಸತ್ತಂತೆ. ಆದ್ರೆ ಚಿಪ್ಪಲ್ಲಿ ಕಾರ್ಬನ್ ಕಟ್ಟಿಡತ್ತೆ, ಹಾಗಾಗಿ ತಿಂದಷ್ಟೂ ಭೂಮಿ ತಣ್ಣಗಾಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಚಿಪ್ಪು ಕಟ್ಟುವಾಗ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ವಾಪಸ್ ನೀರಿಗೇ ಬರತ್ತೆ.

ಶೆಟ್ಲಿ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಟ್ರಾಲ್ ಬೋಟು ಸಮುದ್ರದ ತಳ ಕೆರ್ಕೊಂಡು ಹೋಗತ್ತೆ, ಶೆಟ್ಲಿ ಜೊತೆ ಬಂದ ಮರಿಮೀನೆಲ್ಲ ಫಿಶ್‌ಮೀಲ್ (ಮೀನಿನ ಪುಡಿ) ಫ್ಯಾಕ್ಟರಿಗೆ. ಸಾಕಿದ ಶೆಟ್ಲಿ ಆದ್ರೂ ಒಳ್ಳೇದಾ ಅಂದ್ರೆ ನಮ್ಮ ಗಜನಿ (ಹೊಳೆ ಅಂಚಿನ ಉಪ್ಪುನೀರಿನ ಗದ್ದೆ) ನೋಡಿ, ಮಳೆಗಾಲದಲ್ಲಿ ಉಪ್ಪುನೀರು ತಡ್ಕೊಳ್ಳೋ ಕಗ್ಗ ಭತ್ತ, ಕೊಯ್ಲು ಆದ್ಮೇಲೆ ಮೀನು ಶೆಟ್ಲಿ, ಅಷ್ಟು ಚಂದದ ಪದ್ಧತಿ ಇದ್ದ ಜಾಗ, ಶೆಟ್ಲಿ ದುಡ್ಡಿನ ಆಸೆಗೆ ಎಷ್ಟೋ ಕಡೆ ಭತ್ತ ಬಿಟ್ಟೇ ಹೋಯ್ತು, ಆಮೇಲೆ ಬಿಳಿಚುಕ್ಕೆ ರೋಗ ಬಂದು ಶೆಟ್ಲಿನೂ ಸತ್ತವು. 1996ರಲ್ಲಿ ಸುಪ್ರೀಂ ಕೋರ್ಟೇ ಕರಾವಳಿ ವಲಯದ ಶೆಟ್ಲಿ ಹೊಂಡಗಳ ವಿರುದ್ಧ ಆದೇಶ ಕೊಟ್ಟಿತ್ತು, 2005ರಲ್ಲಿ ಸರ್ಕಾರದವ್ರು ಬೇರೆ ಕಾನೂನು ಮಾಡಿ ಅದಕ್ಕೆ ದಾರಿ ಮಾಡ್ಕೊಟ್ರು.

ಹಾಗಂತ ಬೆಳಚು ತಿನ್ನೋದ್ರಲ್ಲಿ ತಪ್ಪೇ ಇಲ್ಲ ಅಂತಾನೂ ಅಲ್ಲ. ನನ್ನ ಪ್ರಕಾರ ಅಲ್ಲಿ ಕೇಳ್ಬೇಕಾದ್ದು ಅದಕ್ಕೆ ನೋವಾಗತ್ತಾ ಅಂತಲ್ಲ, ಎಷ್ಟು ದೊಡ್ಡದನ್ನ, ಯಾವ ತಿಂಗಳಲ್ಲಿ ತೆಗೆದ್ರು ಅಂತ. ಹೊರಗಿನ ವ್ಯಾಪಾರಿಗಳ ಲಾರಿ ಬರೋಕೆ ಶುರುವಾದ್ಮೇಲೆ ಉಗುರಷ್ಟು ಮರಿಗಳನ್ನೂ ಚೀಲಗಟ್ಲೆ ತುಂಬಿ ಕಳಿಸಿದ್ದನ್ನ ನಾನೇ ನೋಡಿದೀನಿ. ಅಜ್ಜಿ ಕಾಲದಲ್ಲಿ ಒಂದು ಇಳಿತಕ್ಕೆ ಬುಟ್ಟಿ ತುಂಬ್ತಿದ್ದ ಜಾಗದಲ್ಲಿ ಈಗ ಚಿಕ್ಕಮ್ಮ ಅರ್ಧ ಬುಟ್ಟಿಗೇ ಸಾಕಪ್ಪಾ ಅಂತ ಮೇಲೆ ಬರ್ತಾರೆ. ಕೇರಳದ ಅಷ್ಟಮುಡಿ ಹಿನ್ನೀರಲ್ಲಿ ಇದಕ್ಕೆ ನಿಯಮ ಮಾಡ್ಕೊಂಡಿದಾರೆ, ಮರಿ ಇಡೋ ಡಿಸೆಂಬರ್‌ನಿಂದ ಫೆಬ್ರವರಿ ತನಕ ತೆಗೆಯಲ್ಲ, ಬಲೆ ಕಣ್ಣಿಗೆ ಅಳತೆ ಇದೆ, 2014ರಲ್ಲಿ ಆ ಬೆಳಚಿಗೆ ಎಂಎಸ್‌ಸಿ ಸರ್ಟಿಫಿಕೇಟ್ (ಸಂತತಿ ಉಳಿಸ್ಕೊಂಡು ಹಿಡಿಯೋ ಮೀನುಗಾರಿಕೆಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಬಂತು, ಭಾರತದಲ್ಲಿ ಅದೇ ಮೊದಲು. ನಮ್ಮ ಅಘನಾಶಿನಿ ಅಳಿವೆಗೂ 2024ರಲ್ಲಿ ರಾಮ್ಸಾರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ) ಸಿಕ್ಕಿದೆ, ಆದ್ರೆ ಪಟ್ಟ ಸಿಕ್ಕಿದ್ದು ಮರಿ ಬೆಳಚಿಗೆ ಗೊತ್ತಾದ ಹಾಗೆ ಕಾಣ್ಲಿಲ್ಲ.

ಶಿರಸಿಯ ನನ್ನ ಗೆಳತಿ ಒಬ್ಬಳಿದಾಳೆ, ಮೊಟ್ಟೆ ವಾಸನೆಗೂ ಮೂಗು ಮುಚ್ಕೊಳ್ಳೋಳು. ಹೊಳೆ ಹುಟ್ಟೋದು ಅವರ ಕಡೆ, ದೊಡ್ಡ ಅಣೆಕಟ್ಟು ಒಂದೂ ಇಲ್ದೆ ಕೆಳಗೆ ಬರತ್ತೆ, ಸಿಹಿನೀರು ಉಪ್ಪುನೀರು ಹದವಾಗಿ ಸೇರೋದಕ್ಕೇ ಬೆಳಚು ಬೆಳೆಯೋದು. ನೀರು ತಿರುಗಿಸೋ ಯೋಜನೆ ಸುದ್ದಿ ಬಂದಾಗೆಲ್ಲ ಮೊದಲು ಬೀದಿಗೆ ಇಳಿಯೋಳು ಅವಳೇ. ಬೆಳಚು ಉಳಿಸೋದ್ರಲ್ಲಿ ನನಗಿಂತ ಅವಳ ಪಾಲೇ ಜಾಸ್ತಿ ಇದ್ದೀತು.

ಬಿ12 ಒಂದೇ ಚಿಂತೆ ಆದ್ರೆ ಡಾಕ್ಟರ್ ಹತ್ರ ಕೇಳಿ ಮಾತ್ರೆ ತಗೊಳ್ಳಿ, ಅದನ್ನ ಮಾಡೋದು ಬ್ಯಾಕ್ಟೀರಿಯಾದಿಂದ, ಯಾವ ಜೀವಕ್ಕೂ ತೊಂದ್ರೆ ಇಲ್ಲ. ಬೆಳಚಲ್ಲೂ ಬಿ12 ಬೇಕಾದಷ್ಟಿದೆ, ಮನಸ್ಸು ಒಪ್ಪಿದ್ರೆ ತಿನ್ನಿ. ಚರಂಡಿ ಸೇರೋ ಕಡೆ ತೆಗೆದಿದ್ದು ಮಾತ್ರ ಬೇಡ, ನೀರಲ್ಲಿರೋ ಕೊಳಕೂ ಅದ್ರ ಹೊಟ್ಟೇಲೇ ಇರತ್ತೆ. ಬಾಯಿ ಬಿಟ್ಕೊಂಡಿದ್ದು, ತಟ್ಟಿದ್ರೂ ಮುಚ್ಚದೇ ಇದ್ದಿದ್ದು ಸತ್ತಿದ್ದು, ಎಸೀರಿ. ಉಳಿದಿದ್ದನ್ನ ಉಪ್ಪುನೀರಲ್ಲಿ ಒಂದೆರಡು ತಾಸು ಇಟ್ರೆ ಮರಳು ಕಕ್ಕತ್ತೆ. ಆಮೇಲೆ ಮೆಟ್ಟುಗತ್ತಿ (ಈಳಿಗೆಮಣೆ) ಮೇಲೆ ಬಿಡಿಸಿ, ಮಾಂಸ ಅಂಟ್ಕೊಂಡಿರೋ ಅರ್ಧ ಚಿಪ್ಪು ಹಾಗೇ ಇಟ್ಕೊಂಡು ಕಾಯಿ ಮಸಾಲೆಗೆ ಹಾಕೋದು, ಬಿಡಿಸುವಾಗ ಸೋರೋ ನೀರು ಚೆಲ್ಲಬೇಡಿ, ಬಟ್ಟೇಲಿ ಸೋಸಿ ಅದನ್ನೂ ಹಾಕಿ, ಮತ್ತೆ ಉಪ್ಪು ಹಾಕೋ ಮುಂಚೆ ರುಚಿ ನೋಡ್ಕೊಳ್ಳಿ.